ಸಂತನ ಸೊಂಟದವರೆಗೆ

ನಮ್ಮ ರುಕಲೆನ್ ಬೆಟ್ಟದಲ್ಲಿ, ಬೀಳುತ್ತದೆ ಎಂದು ದೋನ್ಯಾ ಎದುವಿನಾ ಹೇಳಿದ ಹಿಮ ಬೀಳದೆ ಹೋದದ್ದೇ ಇಲ್ಲ. ಮೋಡಗಳು ಅಷ್ಟು ದೊಡ್ಡ ಸಮುದ್ರ ದಾಟಿ ಕಣಿವೆಗೆ ಬಂದು, ಆಕೆಯ ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತು, ಎಲ್ಲಿ ಸುರಿಯಲಿ ತಾಯಿ ಎಂದು ಕೇಳಿಕೊಂಡೇ ಮುಂದೆ ಹೋಗುತ್ತವೆ. ನಂಬದವರು ಊರಿನಲ್ಲಿ ಯಾರನ್ನಾದರೂ ವಿಚಾರಿಸಬಹುದು. ಅವರು ಇದಕ್ಕಿಂತ ದೊಡ್ಡದನ್ನೇ ಹೇಳುತ್ತಾರೆ.

ಸ್ಕೀ ಲಿಫ್ಟಿನ ಬುಡದಲ್ಲಿರುವ ಮರದ ಗೂಡಿನಲ್ಲಿ ಕೂತು ಟಿಕೆಟ್ ಕೊಡುವುದು ಆಕೆಯ ಕೆಲಸ. ಬೆಳಿಗ್ಗೆ ಅಲ್ಲಿಂದಲೇ ಮೈಕು ಹಿಡಿದು ಊರಿನ ರೇಡಿಯೊದಲ್ಲಿ ಹಿಮದ ವರದಿ ಹೇಳುವವಳೂ ಆಕೆಯೇ. ಮೊದಲು ಫೋನಿನಲ್ಲಿ ಮೂರು ಕಡೆಯ ಹವಾಮಾನ ನೋಡುತ್ತಾಳೆ, ಆಮೇಲೆ ಕಿಟಕಿ ತೆಗೆದು ಮೂಗು ಹೊರಗೆ ಚಾಚುತ್ತಾಳೆ, ಕೊನೆಗೆ ಆ ಮೂರಕ್ಕೂ ಸಂಬಂಧವಿಲ್ಲದ ನಾಲ್ಕನೆಯದೊಂದನ್ನು ಹೇಳುತ್ತಾಳೆ. ಮೂಗು ಸಾಮಾನ್ಯದ್ದಲ್ಲ. ಆಕೆ ಕಿಟಕಿ ತೆರೆದರೆ ಬೆಟ್ಟದಾಚೆ ಅರ್ಜೆಂಟೀನಾದ ಗಡಿ ಕಾಯುವವರು ಯಾರೋ ನುಸುಳಿದರೆಂದು ಎದ್ದು ನಿಲ್ಲುತ್ತಾರೆ.

ಜೀವಮಾನದಲ್ಲಿ ಒಮ್ಮೆಯೂ ಕಾಲಿಗೆ ಸ್ಕೀ ಕಟ್ಟಿದವಳಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, "ಕೋಳಿಸಾರು ಮಾಡೋಕೆ ನಾನೇ ಕೋಳಿ ಆಗ್ಬೇಕಾ?" ಎನ್ನುತ್ತಾಳೆ.

ಗಂಡ ತೀರಿಕೊಂಡ ಮೇಲೆ ಆಕೆಯ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಬೆಳಗಿನ ಆ ವರದಿಯ ಹೊತ್ತಿಗೆ ಮಾತ್ರ ಇಡೀ ಕಣಿವೆ ಆಕೆಯ ಅಡುಗೆಮನೆಯಲ್ಲಿ ಮಾತೆ ಎಲೆಯ ಚಹಾ ಕುಡಿಯುತ್ತ ಕೂತಂತೆ ಇರುತ್ತಿತ್ತು. ಆ ಮೈಕು ಆಕೆಗೆ ಎಷ್ಟರದ್ದು ಎಂದು ಊರಿಗೆಲ್ಲ ಗೊತ್ತು. ಆಕೆ ಮಾತ್ರ ಬಾಯಿ ಬಿಟ್ಟು ಹೇಳಿದವಳಲ್ಲ.

ನಾವು ಹಿಮವನ್ನು ಅಳತೆಪಟ್ಟಿಯಿಂದ ಅಳೆಯುವವರಲ್ಲ. ಲಿಫ್ಟಿನ ಬುಡದಲ್ಲಿ ಮರದಲ್ಲಿ ಕೆತ್ತಿದ ಆಳೆತ್ತರದ ಸಂತ ಬೆರ್ನಾರ್ದೊ ನಿಂತಿದ್ದಾನೆ. ಅವನ ಮಂಡಿ ಮುಚ್ಚಿದರೆ ಲಿಫ್ಟ್ ಓಡುತ್ತದೆ, ಸೊಂಟ ಮುಚ್ಚಿದರೆ ಹಬ್ಬ. ಗಡ್ಡ ಮುಚ್ಚಿದ ವರ್ಷ ನಾವು ಚಿಮಣಿಯಿಂದ ಮನೆಯೊಳಗೆ ಇಳಿಯುತ್ತಿದ್ದೆವು, ಹಸುಗಳನ್ನೂ ಹಾಗೇ ಇಳಿಸಿದೆವು. ಮಕ್ಕಳ ಸ್ಕೀ ಸ್ಪರ್ಧೆ ನಡೆಸುವ ಪ್ರಾಂತದ ಸಂಘದವರೂ ವಾದ ಮಾಡಿ ಸೋತು ಇದೇ ಲೆಕ್ಕ ಒಪ್ಪಿಕೊಂಡಿದ್ದರು: ಸಂತನ ಸೊಂಟ ಮುಚ್ಚಿದ್ದರೆ ಸ್ಪರ್ಧೆ ರುಕಲೆನ್‌ನಲ್ಲಿ, ಇಲ್ಲದಿದ್ದರೆ ಪಕ್ಕದ ಬೆಟ್ಟದಲ್ಲಿ.

ಜುಲೈ ಎಂದರೆ ನಮ್ಮಲ್ಲಿ ನಡು ಚಳಿಗಾಲ; ಆ ಜುಲೈ ತಿಂಗಳು ಸಂತ ಬರಿಗಾಲಲ್ಲಿ ನಿಂತಿದ್ದ. ಸ್ಪರ್ಧೆ ಶನಿವಾರ. ಬ್ರೆಡ್ ಅಂಗಡಿಯ ದೊನ್ ಎಲಾದಿಯೊ ನಮ್ಮ ಸ್ಕೀ ಕ್ಲಬ್ಬಿನ ಅಧ್ಯಕ್ಷ. ಸೋಮವಾರವೇ ಟಿಕೆಟ್ ಗೂಡಿಗೆ ಬಂದು ನಿಂತ.

"ಹಿಮ ಬರುತ್ತೋ ಇಲ್ವೋ, ದೋನ್ಯಾ ಎದುವಿನಾ? ಸಂಘದೋರು ಕೇಳ್ತಾ ಇದಾರೆ."

"ಬರುತ್ತೆ. ಸೊಂಟದ ತನಕ."

"ಮಂಡಿ ಅಂತ ಹೇಳಿಡೋಣ. ಒಂಚೂರು ಕಮ್ಮಿ ಹೇಳಿದ್ರೆ ಕ್ಷೇಮ."

"ನಾನೇನು ಆಲೂಗಡ್ಡೆ ಮಾರ್ತಿದೀನಾ, ಚೌಕಾಸಿ ಮಾಡೋಕೆ?"

"ಆಯ್ತಮ್ಮ, ಸೊಂಟಾನೇ ಇರ್ಲಿ. ತಪ್ಪಿದ್ರೆ ಮೈಕು ನಮ್ಮ ಅಳಿಯ ನಿಬಾಲ್ದೊಗೆ."

"ತಪ್ಪಿದ್ರೆ ತಾನೆ? ಕೊಡಿ."

ನಿಬಾಲ್ದೊ ಒಳ್ಳೆಯವನೇ, ಆದರೆ ಅವನ ದನಿ ಕೇಳಿದರೆ ಹಾಲು ಒಡೆಯುತ್ತದೆ. ಎದುವಿನಾ ಅದೇ ಬೆಳಿಗ್ಗೆ ರೇಡಿಯೊದಲ್ಲಿ ಸಂತನ ಸೊಂಟ ಎಂದು ಸಾರಿದಳು. ಊರೆಲ್ಲ ಹಬ್ಬದ ಸೋಪೈಪಿಯಾ ವಡೆ ಕರಿಯಲು ಕುಂಬಳಕಾಯಿ ಬೇಯಿಸತೊಡಗಿತು.

ಗುರುವಾರ ಪುಯೆಲ್ಚೆ ಬೀಸಿತು. ಬೆಟ್ಟದಾಚೆಯಿಂದ ಇಳಿಯುವ ಈ ಬಿಸಿಗಾಳಿಗೆ ಹಿಮವಿರಲಿ, ಹಿಮದ ನೆನಪೂ ಕರಗುತ್ತದೆ. ಶುಕ್ರವಾರ ಮಳೆ. ಛತ್ರಿ ಹಿಡಿದು ಗೂಡಿನ ಮುಂದೆ ಹಾದುಹೋದವರೆಲ್ಲ, "ಇದೇನು ದೋನ್ಯಾ, ನಿಮ್ಮ ಹಿಮ ತುಂಬಾ ತೆಳ್ಳಗಿದೆ" ಎಂದರು. "ರಾತ್ರಿ ಗಟ್ಟಿಯಾಗುತ್ತೆ" ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಗಟ್ಟಿಯಾಯಿತು, ಆದರೆ ಮೇಲೆ. ಶನಿವಾರ ನೋಡಿದರೆ ಬೆಟ್ಟದ ಮೇಲರ್ಧ ಬೆಳ್ಳಗೆ ಉಬ್ಬಿ ಕೂತಿತ್ತು. ಬುಡದಲ್ಲಿ ಸಂತನ ಕಾಲ್ಬೆರಳು ಮುಚ್ಚುವಷ್ಟು ಮಾತ್ರ.

ಅಲ್ಲಿಗೆ ದೊನ್ ಎಲಾದಿಯೊ ಮತ್ತು ಅಳಿಯ ಸಲಿಕೆ ಹಿಡಿದು ಬಂದರು. ಸುತ್ತಮುತ್ತಲಿನ ಹಿಮವನ್ನೆಲ್ಲ ಕೆರೆದು ತಂದು ಸಂತನ ಸುತ್ತ ಸುರಿದು, ಸೊಂಟದ ತನಕ ಏರಿಸಿ, ಸಲಿಕೆಯ ಬೆನ್ನಿನಿಂದ ತಟ್ಟಿ ನಯ ಮಾಡಿದರು. ನಾವು ಊರಿನವರು ನೋಡಿದೆವು, ತಡೆಯಲಿಲ್ಲ. ಕುಂಬಳಕಾಯಿ ಬೆಂದಾಗಿತ್ತು.

ಸಂಘದ ಅಧಿಕಾರಿ ಸೆನ್ಯೋರಾ ಮಿರೆಯಾ ಮಕ್ಕಳ ಬಸ್ಸಿನ ಜೊತೆ ಬಂದಿಳಿದು ಸಂತನನ್ನು ನೋಡಿದಳು. "ಸೊಂಟ ಮುಚ್ಚಿದೆ. ಬುಡದ ತನಕ ಓಡಿಸಬಹುದು" ಎಂದಳು. ಜನ ಚಪ್ಪಾಳೆ ತಟ್ಟಿದರು.

ಅದೇ ಹೊತ್ತಿಗೆ ಎದುವಿನಾ ಬಂದಳು. ಸಂತನನ್ನು ನೋಡಿದಳು, ಸುತ್ತಲಿನ ಬೋಳು ನೆಲ ನೋಡಿದಳು.

ದೊನ್ ಎಲಾದಿಯೊ ಕಿವಿಯ ಹತ್ತಿರ ಬಗ್ಗಿದ. "ಸುಮ್ನಿದ್ಬಿಡಿ. ಸ್ಪರ್ಧೆ ಊರಲ್ಲೇ ಉಳೀತು, ನಿಮ್ಮ ಮಾತೂ ಉಳೀತು. ಮೈಕು ನಿಮ್ದೇ."

"ಕೆಳಗಡೆ ಕಲ್ಲು ಹಲ್ಲು ಕಿರಿದು ಕೂತಿದೆ, ದೊನ್ ಎಲಾದಿಯೊ. ಮಕ್ಕಳು ಆ ವೇಗದಲ್ಲಿ ಬಂದು ಅದರ ಮೇಲೆ ಬೀಳ್ಬೇಕಾ?"

"ಒಂದೆರಡು ಬೀಳ್ಬಹುದು. ಮಕ್ಕಳು ಬೀಳೋದೇ ಅಲ್ವಾ?"

ಎದುವಿನಾ ನಿಬಾಲ್ದೊನ ಕೈಯಿಂದ ಸಲಿಕೆ ಕಿತ್ತುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಅಗೆದಳು. ಸೊಂಟ ಹೊರಗೆ ಬಂತು, ಮಂಡಿ ಬಂತು, ಪಾದ ಬಂತು. ಆಮೇಲೆ ಗೂಡಿಗೆ ಹೋಗಿ ಮೈಕು ಹಾಕಿದಳು. ಕಣಿವೆಯ ರೇಡಿಯೊಗಳಲ್ಲೂ ಲಿಫ್ಟಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲೂ ಒಟ್ಟಿಗೇ ಕೇಳಿಸಿತು.

"ಎಲ್ರಿಗೂ ನಮಸ್ಕಾರ. ಸೊಂಟ ಅಂದಿದ್ದೆ, ಬಂದಿರೋದು ಕಾಲ್ಬೆರಳು. ತಪ್ಪಿದೆ. ಈಗ ಇರೋದನ್ನ ಹೇಳ್ತೀನಿ. ಬುಡದಲ್ಲಿ ಸೋಪಿನ ಹಾಗಿದೆ, ಕೆಳಗೆ ಕಲ್ಲು, ಯಾರೂ ಕಾಲಿಡ್ಬೇಡಿ. ನಾಲ್ಕನೇ ಕಂಬದಿಂದ ಮೇಲೆ ಹಿಟ್ಟಿನ ಹಾಗೆ ಹಿಮ, ಮಂಡಿ ಮುಳುಗುತ್ತೆ. ಊಟದ ಹೊತ್ತಿಗೆ ಬಿಸಿಲಿಗೆ ಬೆಂದ ಗೋಧಿ ಹಾಗೆ ಮೆತ್ತಗಾಗುತ್ತೆ, ಅಷ್ಟರೊಳಗೆ ಓಡಿಸೋರು ಓಡಿಸ್ಕೊಳ್ಳಿ."

ಸೆನ್ಯೋರಾ ಮಿರೆಯಾ ಗೂಡಿನ ಕಿಟಕಿಗೆ ಬಂದಳು. "ನಿಮ್ಮ ಸೊಂಟ ನಂಬಿ ಇಷ್ಟು ದೂರ ಬಂದೆ. ಈಗ ನಿಮ್ಮ ಕಂಬ ನಂಬ್ಲಾ?"

"ನಂಬಬೇಡಿ. ಲಿಫ್ಟ್ ಇದೆ, ಹೋಗಿ ತುಳಿದು ನೋಡಿ. ಟಿಕೆಟ್ ಬೇಡ."

ಮಿರೆಯಾ ಹೋಗಿ, ತುಳಿದು, ತೊಡೆಯ ತನಕ ಒದ್ದೆಯಾಗಿ ನಗುತ್ತ ಬಂದಳು. ಗುರಿಗೆರೆಯನ್ನು ನಾಲ್ಕನೇ ಕಂಬಕ್ಕೆ ಏರಿಸಿದರು. ಊರು ಎಣ್ಣೆ ಬಾಣಲೆ ಸಮೇತ ಬೆಟ್ಟ ಹತ್ತಿತು. ಊರಿನ ಬ್ಯಾಂಡಿನ ದೊಡ್ಡ ಕಹಳೆಯವನು ದಾರಿಯಲ್ಲಿ ಜಾರಿ, ಊದುತ್ತಲೇ ಬುಡಕ್ಕೆ ಬಂದು ಮುಟ್ಟಿದ. ಅಂದಿನ ಅತಿವೇಗದ ಓಟ ಅದೇ ಎಂದು ನನ್ನ ಅಭಿಪ್ರಾಯ. ಮಕ್ಕಳಲ್ಲಿ ಒಬ್ಬರಿಗೂ ತರಚುಗಾಯವಾಗಲಿಲ್ಲ.

ಎಲ್ಲ ಮುಗಿದ ಮೇಲೆ ದೊನ್ ಎಲಾದಿಯೊ ಗೂಡಿಗೆ ಬಂದ, ಹಿಂದೆ ನಿಬಾಲ್ದೊ. ಮಾತು ಮಾತೇ ತಾನೆ? ಎದುವಿನಾ ಮೈಕಿನ ತಂತಿ ಕಿತ್ತು, ಸುರುಳಿ ಸುತ್ತಿ, ಮೇಜಿನ ಮೇಲೆ ಇಟ್ಟಿದ್ದಳು. ನಿಬಾಲ್ದೊ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ನಂಗ್ಬೇಡ ಮಾವ. ನಾಳೆ ಏನಂತ ಹೇಳ್ಲಿ ನಾನು?"

ಮಾವನಿಗೆ ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ. "ಇರ್ಲಿ, ನೀವೇ ಇಟ್ಕೊಳ್ಳಿ, ದೋನ್ಯಾ ಎದುವಿನಾ. ಆದ್ರೂ ಒಂದು ಮಾತು. ನೀವು ತಪ್ಪಿದ್ದು ಸಣ್ಣದಲ್ಲ, ಸೊಂಟದಷ್ಟು."

ಆಕೆ ತಂತಿಯನ್ನು ಮತ್ತೆ ಮೈಕಿಗೆ ಸಿಕ್ಕಿಸುತ್ತ ತಲೆ ಎತ್ತದೆಯೇ ಹೇಳಿದಳು:

"ನಾನು ತಪ್ಪಿದ್ದು ಆಕಾಶದ ವಿಷಯ, ಅದು ನನ್ನ ಕೈಲಿರ್ಲಿಲ್ಲ. ಸಲಿಕೆ ನಿಮ್ಮ ಕೈಲೇ ಇತ್ತಲ್ಲ, ದೊನ್ ಎಲಾದಿಯೊ."