ನಾಲ್ಕನೇ ಮನೆಯ ಹೂವು

...ಅಥವಾ ಚೀಟಿಯೇ ಇರಲಿಲ್ಲವೋ ಏನೋ. ನನ್ನ ನೆನಪಿನಲ್ಲಂತೂ ಅದು ಸ್ಪಷ್ಟವಾಗಿದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ‘ನಾಳೆಯಿಂದ ಹೂವು ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದು, ಹೂವಿನ ಪೊಟ್ಟಣ ನೇತುಹಾಕುವ ಗೇಟಿನ ಕೊಕ್ಕೆಗೆ ಚುಚ್ಚಿದೆ. ಹೆಂಡತಿ ಇದನ್ನು ಒಪ್ಪುವುದಿಲ್ಲ. ಚೀಟಿಗೀಟಿ ಏನೂ ಇರಲಿಲ್ಲ, ಹಾಲಿನವನ ಕೈಲಿ ಹೇಳಿ ಕಳಿಸಿದಿರಿ ಎನ್ನುತ್ತಾಳೆ. ಗೆಳೆಯರ ಮುಂದೆ ಈ ಸಂಗತಿಯನ್ನು ಎಷ್ಟೋ ಸಲ ಚೀಟಿ ಸಮೇತ ಹೇಳಿದ್ದೇನೆ. ಹೇಳಿದಷ್ಟು ಸಲವೂ ಚೀಟಿ ಇನ್ನಷ್ಟು ಬೆಳ್ಳಗಾಗಿದೆ, ಅಕ್ಷರ ಇನ್ನಷ್ಟು ದುಂಡಗಾಗಿದೆ. ಅಷ್ಟು ಚೆನ್ನಾಗಿ ಕಾಣಿಸುವ ವಸ್ತುವನ್ನು ನಂಬುವುದು ಕಷ್ಟ. ಎರಡೂ ಕಥೆಗಳಲ್ಲಿ ಬದಲಾಗದೆ ಉಳಿಯುವುದು ಒಂದೇ: ಬೇಡ ಎಂಬ ಮಾತನ್ನು ನಾನು ಹೂವಿನವಳ ಮುಖ ನೋಡಿ ಹೇಳಲಿಲ್ಲ.

ಆ ವರ್ಷ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ನನ್ನ ತರಗತಿಗಳು ಅರ್ಧಕ್ಕೆ ಇಳಿದಿದ್ದವು, ಸಂಬಳವೂ ಜೊತೆಗೆ ಇಳಿದಿತ್ತು. ನಂಜನಗೂಡಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಖರ್ಚು ಕಡಿಮೆ ಮಾಡಬೇಕು ಎಂದು ಕೂತವನಿಗೆ ದುಡ್ಡಿಗಿಂತ ಬೇರೊಂದು ಕುತೂಹಲ ಹಿಡಿಯಿತು. ನಾವು ಕೇಳದೆಯೇ, ನೆನಪೂ ಇಲ್ಲದೆಯೇ, ತಿಂಗಳು ತಿಂಗಳು ತಾವಾಗಿ ಮನೆಯೊಳಗೆ ಬರುವ ಸಂಗತಿಗಳು ಎಷ್ಟಿವೆ? ಒಂದೊಂದನ್ನೇ ತೆಗೆದು ನೋಡಿದರೆ ಮನೆ ಎಲ್ಲಿಯವರೆಗೆ ಮನೆಯಾಗಿಯೇ ಇರುತ್ತದೆ? ನಾನು ಕಥೆ ಬರೆಯುವುದೂ ಹೀಗೆಯೇ. ಒಂದು ವಾಕ್ಯ ತೆಗೆಯುವುದು, ಬಿದ್ದುಹೋಗುತ್ತದೋ ನಿಲ್ಲುತ್ತದೋ ನೋಡುವುದು.

ಪಟ್ಟಿ ಮಾಡಿದೆ. ಇಬ್ಬರಿಗೆ ಎರಡು ಮೊಬೈಲ್ ರೀಚಾರ್ಜು, ಡಿಶ್ಶು, ಇಂಟರ್‌ನೆಟ್ಟು, ಎರಡು ಪೇಪರು, ಕ್ಯಾನ್ ನೀರು, ಯಾವುದೋ ಒಂದು ಸಿನಿಮಾ ನೋಡಲೆಂದು ಸೇರಿಕೊಂಡು ಮರೆತೇಬಿಟ್ಟಿದ್ದ ಆ್ಯಪು, ನನ್ನ ಹೆಜ್ಜೆ ಎಣಿಸುವ ಇನ್ನೊಂದು ಆ್ಯಪು. ಈ ಕೊನೆಯದು ನಾನು ನಡೆಯದ ದಿನವೂ ನಡೆದಿದ್ದೀರಿ ಎಂದು ಹುರಿದುಂಬಿಸುತ್ತಿತ್ತು. ಇವುಗಳನ್ನು ಬಿಡಿಸಿಕೊಳ್ಳುವುದು ಸೇರಿದಷ್ಟು ಸುಲಭವಲ್ಲ ಎಂದು ಆಗ ತಿಳಿಯಿತು. ಸಿನಿಮಾದ ಆ್ಯಪು ನಾಲ್ಕು ಸಲ ಕೇಳಿತು. ಯಾಕೆ ಹೋಗುತ್ತಿದ್ದೀರಿ? ಖಂಡಿತವೇ? ನಿಮಗಾಗಿ ಇಷ್ಟೆಲ್ಲ ಕಾದಿದೆಯಲ್ಲ? ಒಂದು ತಿಂಗಳು ಬಿಟ್ಟಿ ಕೊಟ್ಟರೆ ಇರುತ್ತೀರಾ? ಪೇಪರಿನ ಏಜೆಂಟರು ಮನೆಗೇ ಬಂದು, “ಎರಡ್ರಲ್ಲಿ ಯಾವ್ದು ನಿಲ್ಲುಸ್ತೀರಿ ಮೇಷ್ಟ್ರೇ? ಅದ್ರಲ್ಲಿ ಪದಬಂಧ ಚೆನ್ನಾಗಿರ್ತದೆ, ಇದ್ರಲ್ಲಿ ಸತ್ತೋರ ಫೋಟೋ ಜಾಸ್ತಿ ಬತ್ತದೆ,” ಎಂದು ಅರ್ಧ ಗಂಟೆ ಕೂತರು. ಪದಬಂಧ ಉಳಿಸಿಕೊಂಡೆ.

ಹೆಂಡತಿಯ ಮೊಬೈಲ್ ನಂಬರನ್ನೂ ಬಿಟ್ಟೆವು. ನಾನು ಕಾಲೇಜಿಗೆ ಹೋಗುವುದೇ ಎರಡು ದಿನ, ಒಂದು ಫೋನು ಸಾಕು ಎಂದು ಅವಳೇ ಅಂದಳು. ಹಾಗೆಂದು ನನಗೆ ನೆನಪು. ಅವಳಿಗೆ ಬೇರೆ ಥರ ನೆನಪಿರಬಹುದು.

ಪಟ್ಟಿಯ ಕೊನೆಯಲ್ಲಿ ಉಳಿದದ್ದು ವರ್ತನೆ ಹೂವು. ದಿನಾ ಬೆಳಿಗ್ಗೆ ಮನೆಗೆ ಹಾಕಿ ತಿಂಗಳ ಕೊನೆಯಲ್ಲಿ ದುಡ್ಡು ಪಡೆಯುವುದಕ್ಕೆ ನಮ್ಮ ಕಡೆ ವರ್ತನೆ ಎನ್ನುತ್ತಾರೆ. ಹಾಲು ವರ್ತನೆ, ಮೊಸರು ವರ್ತನೆ, ಹೂವಿನ ವರ್ತನೆ. ನಮ್ಮ ಹೂವಿನವಳು ಹುಲ್ಲಹಳ್ಳಿ ಕಡೆಯ ಹಳ್ಳಿಯವಳು. ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬಂದು ಬೀದಿ ಬೀದಿ ತಿರುಗುವಳು. ನಾವು ಏಳುವುದರೊಳಗೆ ಗೇಟಿನ ಕೊಕ್ಕೆಯಲ್ಲಿ ಬಾಳೆಲೆಯ ಪೊಟ್ಟಣ, ಅದರೊಳಗೆ ಒಂದು ಮೊಳ ಕಾಕಡವೋ ಕನಕಾಂಬರವೋ. ಮೊಳ ಎಂದರೆ ಅವಳ ಮೊಣಕೈಯಿಂದ ಬೆರಳ ತುದಿಯವರೆಗೆ. ಅರ್ಧ ದೇವರ ಫೋಟೋಗೆ, ಅರ್ಧ ಹೆಂಡತಿಯ ಮುಡಿಗೆ.

ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಅವಳಿಗೆ ಒಂಬತ್ತು ಮನೆ ಇದ್ದವು. ಒಂದೊಂದೇ ಬಿಟ್ಟು ನಾಲ್ಕಕ್ಕೆ ಬಂದಿತ್ತು. ತಿಂಗಳ ದುಡ್ಡಿಗೆ ಬಂದಾಗ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಹೇಳಿದ್ದಳು:

“ನಾಕು ಮನೆ ಇದ್ರೆ ಈ ಬೀದಿಗೆ ಕಾಲು ತಿರುಗ್ತದೆ ಕನಕ್ಕ. ಮೂರಾಯ್ತು ಅಂದ್ರೆ ಇಲ್ಲ. ಇಲ್ಲಿಗ್ ಬಂದು ಓಗೋ ಒತ್ತಿಗೆ ಬಸ್ಟ್ಯಾಂಡಲ್ಲಿ ಬಿಡಿ ಊವಾದ್ರೂ ಮಾರ್ಕಬೋದು.”

ನಾನು ಒಳಗೆ ಪೇಪರು ಓದುತ್ತಿದ್ದೆ. ಕೇಳಿಸಿತ್ತು. ಕೇಳಿಸಿದ್ದಕ್ಕೇ ಚೀಟಿ. ಅಥವಾ ಹಾಲಿನವನು.

ಆ್ಯಪು ನಾಲ್ಕು ಸಲ ಕೇಳಿದ್ದನ್ನು ಅವಳು ಒಂದು ಸಲವೂ ಕೇಳಲಿಲ್ಲ. ಬಾಗಿಲು ತಟ್ಟಲಿಲ್ಲ, ಅಕ್ಕಾ ಎಂದು ಕೂಗಲಿಲ್ಲ. ನನಗೆ ಸಮಾಧಾನವಾಯಿತು. ಎಷ್ಟು ಸಲೀಸಾಗಿ ಮುಗಿಯಿತು ಎಂದು ಪಟ್ಟಿಯಲ್ಲಿ ಗೆರೆ ಎಳೆದೆ.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಪೊಟ್ಟಣವಿರಲಿಲ್ಲ, ಹಾರವಿತ್ತು. ದಪ್ಪಗೆ ಕಟ್ಟಿದ ಸುಗಂಧರಾಜದ ಹಾರ. ಜರಿಯಿಲ್ಲ, ನಡುವೆ ಗುಲಾಬಿಯಿಲ್ಲ, ಬರೀ ಬಿಳಿ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದೆ. “ನೋಡು, ಒಂದು ತಿಂಗಳು ಬಿಟ್ಟಿ ಅಂತ ಆ ಆ್ಯಪಿನವರು ಆಸೆ ತೋರಿಸಿದ್ರಲ್ಲ, ಹಾಗೇ ಇದೂ. ವಾಪಸು ಸೇರ್ಕೊಳ್ಳಿ ಅಂತ,” ಎಂದೆ.

ಹೆಂಡತಿ ಹಾರವನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ದೇವರ ಮನೆಯ ಕಡೆ ಎರಡು ಹೆಜ್ಜೆ ಹೋಗಿ ನಿಂತಳು.

“ಇದನ್ನ ಎಲ್ಲಿ ಇಡಬೇಕು ಅಂತ ಗೊತ್ತಾಗ್ತಿಲ್ಲ,” ಎಂದಳು.

“ಯಾಕೆ?”

“ನನ್ನಂಥೋಳು ಇರೋ ಮನೇಲಿ ವರ್ತನೆ ಹೂವ ಇದ್ದಕ್ಕಿದ್ದ ಹಾಗೆ ಯಾವಾಗ ಬೇಡ ಅಂತಾರೆ, ಹೇಳಿ.”

ನನಗೆ ಹೊಳೆಯಲಿಲ್ಲ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಗಂಡ ಹೋದಾಗ. ಈ ಹಾರ ನಿಮ್ಮ ಫೋಟೋಗೆ.” ಮೊದಲು ನಕ್ಕಳು. ಆಮೇಲೆ ನಗಲಿಲ್ಲ. “ಕಥೆ ಬರೀತೀರಿ. ಇಷ್ಟು ಗೊತ್ತಿಲ್ವಾ ನಿಮಗೆ?”

ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದುದು ತಿಂಗಳ ಖರ್ಚಿನ ಪಟ್ಟಿಯ ಹತ್ತಿರ ಬಂದಿರಲಿಲ್ಲ. ಗಂಡ ಸತ್ತ ಹೆಂಗಸಿನ ತಲೆಯಿಂದ ಹೂವು ತೆಗೆಸುವ ಪದ್ಧತಿಯ ವಿರುದ್ಧ ನಾನು ಎರಡು ಕಥೆ ಬರೆದಿದ್ದೇನೆ. ಎರಡರಲ್ಲೂ ಹೂವು ಕಟ್ಟುವವಳು ಇರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ನಾನು ಮಹಡಿಯ ಮೇಲೆ ಡಿಶ್ಶು ಬಿಚ್ಚುತ್ತಿದ್ದೆ. (ಸ್ನಾನ ಮಾಡುತ್ತಿದ್ದಿರಿ ಎನ್ನುತ್ತಾಳೆ ಹೆಂಡತಿ. ಸ್ನಾನದ ಮನೆಯಿಂದ ಗೇಟು ಕಾಣುವುದಿಲ್ಲ, ನನಗೆ ಗೇಟು ಕಂಡ ನೆನಪಿದೆ.) ನರಸೀಪುರದಿಂದ ನನ್ನ ಭಾವಮೈದ ಮತ್ತು ಅವನ ಹೆಂಡತಿ ಬಂದರು. ಅವನು ನನ್ನ ಹೆಂಡತಿಯ ತಮ್ಮ. ನಾಲೆ ಬಯಲಿನಲ್ಲಿ ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಮೂರು ಹಸು. ಬೈಕು ನಿಲ್ಲಿಸಿದವನು ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ. ಅವನ ಹೆಂಡತಿ “ಅಕ್ಕಾ” ಎಂದು ರಾಗ ತೆಗೆದು, ಗೇಟು ದಾಟುವಾಗ ತಲೆಯೆತ್ತಿ, ರಾಗವನ್ನು ಅಲ್ಲಿಗೇ ನಿಲ್ಲಿಸಿದಳು.

ಭಾವಮೈದನೂ ತಲೆಯೆತ್ತಿದ.

“ಏನ್ ಭಾವ, ಅಲ್ ಅತ್ಕಂಡು ಏನ್ ಮಾಡ್ತಾ ಇದ್ದೀರಿ?”

“ಡಿಶ್ಶು ಬಿಚ್ತಾ ಇದ್ದೀನಿ.”

“ಬಿಚ್ಚಿ, ಬಿಚ್ಚಿ. ನಿಧಾನಕ್ಕೆ ಬಿಚ್ಚಿ.” ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ನಾವು ನಿಮ್ ಮಣ್ಣಿಗೆ ಬಂದಿದ್ದೊ.”

ಒಳಗೆ ಉಪ್ಪಿಟ್ಟು ತಿನ್ನುತ್ತ ಅವರು ಹೇಳಿದ್ದು ಇಷ್ಟು. ನಮ್ಮ ಹೂವಿನವಳ ತಂಗಿ ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುತ್ತಾಳೆ, ಭಾವಮೈದನ ಮನೆಗೆ ಅವಳದೇ ವರ್ತನೆ, ನಮ್ಮ ನಂಟೂ ಅವಳಿಗೆ ಗೊತ್ತು. ಅಕ್ಕ ಹಿಂದಿನ ದಿನ ಫೋನು ಮಾಡಿ, ಆ ಅಕ್ಕೋರ ಮನೇಲಿ ಊವ ಬ್ಯಾಡ ಅಂದ್ಬುಟ್ರು, ಏನೋ ಆಗ್ಬಾರದ್ದು ಆಗದೆ ಅಂದಿದ್ದಾಳೆ. ತಂಗಿ ಬೆಳಿಗ್ಗೆ ಹೂವು ಹಾಕಲು ಬಂದವಳು, ನಿಮಗೆ ಸುದ್ದಿ ಗೊತ್ತಾ ಎಂದಿದ್ದಾಳೆ. ನನ್ನ ಹೆಂಡತಿಯ ನಂಬರಿಗೆ ಮಾಡಿದರೆ ಚಾಲ್ತಿಯಲ್ಲಿಲ್ಲ ಎಂದು ಬಂದಿದೆ. ಅದರಿಂದ ಸುದ್ದಿ ಇನ್ನೂ ಗಟ್ಟಿಯಾಗಿದೆ.

“ನನ್ನ ನಂಬರಿಗೆ ಮಾಡಬಹುದಿತ್ತಲ್ಲ,” ಎಂದೆ.

“ಸತ್ತೋಗಿರೋರ ನಂಬರ್‌ಗೆ ಎಂಗ್ ಮಾಡೋದು ಭಾವ? ಎತ್ಕಂಡ್ರೆ ಏನನ್ನದು?”

“ಅಣ್ಣ ಖರ್ಚು ಕಮ್ಮಿ ಮಾಡಕ್ಕೋಗಿ ಅವ್ರನ್ನೇ ಕಮ್ಮಿ ಮಾಡ್ಕಂಬುಟ್ರು,” ಎಂದಳು ಅವನ ಹೆಂಡತಿ, ತಟ್ಟೆಯಿಂದ ತಲೆಯೆತ್ತದೆ.

“ಇವತ್ತು ಡೈರಿಗೆ ಆಲು ಆಕ್ದೆ ಬಂದಿವ್ನಿ ಕನಕ್ಕ. ಅದ್ನ ಭಾವನ ಉಳಿತಾಯದ್ ಲೆಕ್ಕಕ್ಕೆ ಸೇರ್ಸು,” ಎಂದ ಅವನು.

ಎಲ್ಲರೂ ನಕ್ಕೆವು. ಹೆಂಡತಿ ನಡುವೆಯೇ ನಿಲ್ಲಿಸಿ ಕೇಳಿದಳು: “ಅವಳ ನಾಕು ಮನೆ ಮೂರಾಯ್ತಲ್ಲ. ಅದಕ್ಕೇನು ಮಾಡ್ತೀರಿ?”

ಹೋಗಿ ಹೇಳುತ್ತೇನೆ ಎಂದೆ. ಹೋಗಲಿಲ್ಲ, ಆ ದಿನ. ನಾಲ್ಕೈದು ದಿನ ಕಳೆಯಿತು ಎಂದು ನಾನು, ಎರಡು ವಾರ ಎಂದು ಅವಳು. ಅಷ್ಟರಲ್ಲಿ ತಿಂಗಳು ತಿರುಗಿತ್ತು. ಎದುರು ಮನೆಯ ನಿವೃತ್ತ ಟೀಚರಮ್ಮ ಮಂಡಿನೋವಿನವರು, ಗೇಟಿಗೆ ಬರುವ ಹೂವು ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಅವರು ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು, “ಹೂವಿನವಳು ಒಂದನೇ ತಾರೀಕಿಗೆ ದುಡ್ಡು ಚುಕ್ತಾ ಮಾಡಿಸ್ಕೊಂಡು, ಇನ್ನು ಬರಲ್ಲ ಅಂದ್ಲು. ನಿಮಗೇನಾದ್ರೂ ಗೊತ್ತಾ ಸಾರ್?” ಎಂದು ಕೇಳಿದರು. ವಿಚಾರಿಸ್ತೀನಿ ಎಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ.

ಮರುದಿನ ಬೆಳಕು ಹರಿಯುವಾಗ ಬಸ್‌ಸ್ಟ್ಯಾಂಡಿಗೆ ಹೋದೆ. ಅವಳು ಹಣ್ಣಿನ ಅಂಗಡಿಯ ಪಕ್ಕ, ಒದ್ದೆ ಗೋಣಿಯ ಮೇಲೆ ಬುಟ್ಟಿಯಿಟ್ಟು ಹೂವು ಕಟ್ಟುತ್ತಿದ್ದಳು. ಅಷ್ಟು ವರ್ಷ ವರ್ತನೆ ಪಡೆದಿದ್ದರೂ ಅವಳನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಅವಳ ಮುಡಿಯಲ್ಲಿ ಹೂವಿರಲಿಲ್ಲ.

“ಬದ್ಕಿದ್ದೀರಂತೆ ಸಾ. ನಮ್ ತಂಗಿ ಏಳದ್ಲು.” ನಗಲಿಲ್ಲ, ಕೊಂಕಾಗಿಯೂ ಆಡಲಿಲ್ಲ. ಬೆರಳುಗಳು ದಾರ ಸುತ್ತುತ್ತಲೇ ಇದ್ದವು.

“ನೀವು ಒಂದು ಮಾತು ಕೇಳಬಹುದಿತ್ತು.”

“ಏನಂತ ಕೇಳಾದು? ಊವ ಬ್ಯಾಡ ಅಂದ ಮನೆ ಬಾಗ್ಲಲ್ಲಿ ನಿಂತ್ಕಂಡು, ಯಾಕವ್ವ, ನಿನ್ ಗಂಡ ಓದ್ನಾ ಅಂತ ಕೇಳಕ್ಕಾದದಾ? ಜನ ಇರ್ನಿಲ್ಲ, ಮೈಸೂರಾಸ್ಪತ್ರೇಲಿ ಆಗಿರ್ಬೇಕು ಅನ್ಕಂಡೆ. ಆರ ಕಟ್ಟಿ ಇಟ್ ಬಂದೆ.”

ಹಾರದ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದೆ. “ಅದ್ ಯಾಪಾರ ಅಲ್ಲ ಸಾ, ಮಡಿಕಳಿ,” ಎಂದಳು. ಇನ್ನೊಂದು ಗಂಟು ಬಿಗಿದು ಅಂದಳು: “ಕಾಸಿಗೆ ತೊಂದ್ರೆ ಅಂದಿದ್ರೆ ಅರ್ಧ ಮೊಳ ಆಕ್ತಿದ್ದೆ. ದಿನ ಬಿಟ್ಟು ದಿನ ಆಕ್ತಿದ್ದೆ. ಎಷ್ಟ್ ಮನೇಲಿ ಅಂಗೇ ನಡೀತದೆ. ಆಮ್ಯಾಕೆ ಕೈಲಾದಾಗ ಮೊಳ ಮಾಡ್ಕತಾರೆ.”

ನನ್ನ ಪಟ್ಟಿಯಲ್ಲಿದ್ದುದೆಲ್ಲ ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಪೂರ್ತಿ ಹೋಗಬೇಕು. ಅರ್ಧ ಆ್ಯಪು ಇಲ್ಲ, ದಿನ ಬಿಟ್ಟು ದಿನ ಡಿಶ್ಶು ಇಲ್ಲ. ಆ ಪಟ್ಟಿಯಲ್ಲಿ ಕುಗ್ಗಿಯೂ ಉಳಿಯಬಲ್ಲದ್ದು ಒಂದಿತ್ತು. ಅದನ್ನು ನಾನು ಉಳಿದವುಗಳ ಹಾಗೆಯೇ ಹೊಡೆದುಹಾಕಿದ್ದೆ. ಇದು ನನಗೆ ಅಲ್ಲೇ, ಅವಳೆದುರು ನಿಂತಾಗಲೇ ಹೊಳೆಯಿತು ಎಂದು ಬರೆಯಲು ಆಸೆ. ಇಲ್ಲ, ಈಗ ಬರೆಯುವಾಗ ಹೊಳೆದದ್ದು. ಅಲ್ಲಿ ನನ್ನ ತಲೆಯಲ್ಲಿದ್ದುದು, ಬಸ್ಸಿಗೆ ಕಾಯುತ್ತಿದ್ದವರು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದಷ್ಟೇ.

“ಅರ್ಧ ಮೊಳ ಹಾಕಿ ಹಾಗಾದರೆ. ನಾಲ್ಕು ಮನೆ ಆಯಿತಲ್ಲ. ಟೀಚರಮ್ಮನೂ ಕೇಳುತ್ತಿದ್ದರು.”

ಅವಳು ಕಟ್ಟಿದ ಹೂವನ್ನು ಮೊಣಕೈಗೆ ಹಿಡಿದು ಅಳೆದು, ದಾರವನ್ನು ಹಲ್ಲಿನಿಂದ ಕಡಿದಳು.

“ಇಲ್ಲ ಸಾ. ಮೂರು ಮನೆಗೂ ಏಳ್ಬುಟ್ಟೆ. ಬ್ಯಾರೆ ಬೀದಿ ಇಡ್ಕಂಡಿವ್ನಿ. ಅಲ್ಲಿ ಐದು ಮನೆ ಸಿಕ್ಕವೆ. ನೀವೇನ್ ಯೋಚ್ನೆ ಮಾಡ್ಬ್ಯಾಡಿ.”

ಒಂದು ಮೊಳ ಕೊಂಡು ಮನೆಗೆ ಬಂದೆ. ಹೆಂಡತಿ ಅದನ್ನು ಮೂರು ತುಂಡು ಮಾಡಿ, ಒಂದನ್ನು ಎದುರು ಮನೆಗೆ ಕೊಟ್ಟು ಬಂದಳು. ಆಮೇಲೆ ವಾರಕ್ಕೆರಡು ಸಲ ಬೆಳ್ಳಂಬೆಳಿಗ್ಗೆ ನಾನೇ ಹೋಗಿ ಹೂವು ತರತೊಡಗಿದೆ. ಎರಡು ಮೂರು ತಿಂಗಳು ಹೂವಿನವಳು ಅಲ್ಲೇ ಕೂತಿರುತ್ತಿದ್ದಳು. ಬೀದಿ ತಿರುಗುವವಳಾಗಿದ್ದರೆ ಆ ಹೊತ್ತಿಗೆ ಅಲ್ಲಿ ಕೂತಿರಲು ಸಾಧ್ಯವೇ ಎಂದು ಒಂದೆರಡು ಸಲ ಅನ್ನಿಸಿದ್ದುಂಟು. ಐದು ಮನೆಯಾದರೆ ಬೇಗ ಮುಗಿಯುತ್ತದೆ, ಹಾಕಿ ಬಂದು ಕೂತಿರಬಹುದು ಎಂದೂ ಅನ್ನಿಸಿತು. ಈಗ ಆ ಜಾಗದಲ್ಲಿ ಬೇರೊಬ್ಬಳು ಕೂರುತ್ತಾಳೆ.

ಆ ಬೇರೆ ಬೀದಿ ಯಾವುದು ಎಂದು ನಾನು ಕೇಳಲಿಲ್ಲ. ಅದು ಇತ್ತೋ, ನನ್ನನ್ನು ಹಗುರವಾಗಿ ಮನೆಗೆ ಕಳಿಸಲು ಅವಳು ಹೇಳಿದ್ದೋ, ನನಗೆ ಗೊತ್ತಿಲ್ಲ.