ಮಧುಗಿರಿ ಬೆಟ್ಟದ ತುದಿಯಲ್ಲಿ ಏನಿದೆ?

ಗೆಳತಿಯರೇ, ಇವತ್ತು ನನ್ನನ್ನು ನೋಡಲು ಮಧುಗಿರಿಯಿಂದ ನಮ್ಮ ತಾವರೆಕೆರೆಗೆ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ, ಅವರಪ್ಪ ನಿವೃತ್ತ ಮೇಷ್ಟ್ರು. ಹಾಡು ಹೇಳಿಸುತ್ತಾರೆಂದು ನಾನೊಂದು ವಚನ ಅಭ್ಯಾಸ ಮಾಡಿಟ್ಟಿದ್ದೆ. ಮೇಷ್ಟ್ರು ಪರೀಕ್ಷೆಯನ್ನೇ ಶುರು ಮಾಡಿದರು.

"ಒಂದೇ ಮಾತಲ್ಲಿ ಉತ್ತರ ಹೇಳ್ಬೇಕಮ್ಮ. ನಮ್ಮ ಸೀಮೆಯ ದೊಡ್ಡ ಅಣೆಕಟ್ಟು?"

"ಕನ್ನಂಬಾಡಿ."

"ಈಜಿಪ್ಟಿನ ನದಿ?"

"ನೈಲ್."

"ಪ್ರಪಂಚದ ಎತ್ತರದ ಶಿಖರ?"

"ಎವರೆಸ್ಟ್."

ಮೇಷ್ಟ್ರ ಮುಖ ಅರಳಿತು. "ನೀನೂ ಏನಾದ್ರೂ ಕೇಳಮ್ಮ" ಎಂದರು. ಹೆಣ್ಣು ತಲೆ ತಗ್ಗಿಸಿ "ಏನಿಲ್ಲ" ಎನ್ನಬೇಕು, ಅದು ನನಗೂ ಗೊತ್ತು. ಆದರೆ ಮಧುಗಿರಿ ಬೆಟ್ಟದ ಆ ದೊಡ್ಡ ಬೋಳು ಬಂಡೆಯನ್ನು ಮೊದಲು ಕಂಡ ದಿನದಿಂದ ಒಂದು ಪ್ರಶ್ನೆ ತಲೆಯಲ್ಲೇ ಕೂತಿತ್ತು.

"ನಿಮ್ಮೂರ ಬೆಟ್ಟದ ತುದೀಲಿ ಏನೈತೆ ಮೇಷ್ಟ್ರೇ?"

ಮೇಷ್ಟ್ರು ಮಗನನ್ನು ನೋಡಿದರು. ಮಗ ತಾಯಿಯನ್ನು ನೋಡಿದ. ಆಕೆ, "ದಿನಾ ಬಾಗ್ಲು ತೆಗುದ್ರೆ ಅದೇ ಕಾಣೋದು ಕಣಮ್ಮ. ಹತ್ತೋಕೆ ಯಾರು ಹೋಗ್ತಾರೆ?" ಎಂದರು.

ಹೊರಡುವಾಗ ಮೇಷ್ಟ್ರು ಎಲ್ಲ ಗಂಡಿನವರೂ ಹೇಳುವ ಮಾತನ್ನೇ ಹೇಳಿದರು: "ಊರಿಗೆ ಹೋಗಿ ಕಾಗದ ಬರೀತೀವಿ."

ಬಾಗಿಲ ಹಿಂದಿನಿಂದ ನಮ್ಮಜ್ಜಿ ಕೂಗಿದಳು: "ಮದ್ಲು ಹುಡುಗನ್ನ ಬೆಟ್ಟ ಹತ್ಸಿ. ಅಲ್ಲೇನೈತೆ ಅಂತ ಬರೀರಿ. ಆಮೇಲೆ ಒಪ್ಪಿಗೆ ಐತೋ ಇಲ್ವೋ ನಾವು ಬರೀತೀವಿ."

ಇದುವರೆಗೆ ಮೂರು ಕಡೆಯವರ ಕಾಗದಕ್ಕೆ ಕಾದಿದ್ದೇನೆ. ಬಂದ ಕೂಡಲೇ ಕಿತ್ತುಕೊಂಡು ಓದಬೇಕು ಅನ್ನಿಸುತ್ತಿರುವುದು ಇದೊಂದನ್ನೇ.