ಮೂರಡಿ ಗುಂಡಿ

ಗಾರೆ ಕೆಲಸದ ಮೇಸ್ತ್ರಮ್ಮನ ಕಾಲಲ್ಲಿ ಚಕ್ರವಿದೆ ಅಂತ ಅವಳ ಗಂಡ, ಹೊಲಿಗೆ ಮೆಷಿನ್ನಿನ ಮುಂದೆ ಮೂವತ್ತು ವರ್ಷ ಸವೆಸಿದ ದರ್ಜಿ, ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಗೋಡೆಗೆ ಕಟ್ಟಿದ ಸಾರುವೆಯ ಕಂಬ ಆಳಕ್ಕೆ ಊರದೆ ಅಪ್ಪ ಮೇಲಿಂದ ಬಿದ್ದು ಹಾಸಿಗೆ ಹಿಡಿದಾಗ, ಹದಿನೇಳರ ಹುಡುಗಿ ಅವನ ಕರಣೆ ಎತ್ತಿಕೊಂಡಳು. ಐವತ್ತೆರಡಾದರೂ ಕೆಳಗಿಟ್ಟಿರಲಿಲ್ಲ. ತಾನು ಕಟ್ಟಿದ ಗೋಡೆ ದಾರಿಯಲ್ಲಿ ಸಿಕ್ಕರೆ ಒಮ್ಮೆ ತಟ್ಟಿ ನೋಡದೆ ಮುಂದೆ ಹೋಗುವವಳಲ್ಲ.

ಆ ವರ್ಷ ಹದಿನಾಲ್ಕು ಕಾಲೇಜು ಹುಡುಗ ಹುಡುಗಿಯರು ಸಮುದ್ರ ದಾಟಿ ಬಂದರು. ಮೇಸ್ತ್ರಮ್ಮನ ಮೊಮ್ಮಗಳು ಓದುವ ಶಾಲೆಗೆ ಹತ್ತು ದಿನದಲ್ಲಿ ಆಟದ ಮೈದಾನ ಕಟ್ಟಿಕೊಡುವುದು ಅವರ ಸೇವೆ. ಕೆಲಸ ತೋರಿಸಲು ಮೇಸ್ತ್ರಮ್ಮನನ್ನು ಗೊತ್ತು ಮಾಡಿದರು. ಇವಳ ಮಾತು ಅವರಿಗೆ ಬಾರದು, ಅವರ ಮಾತು ಇವಳಿಗೆ ಬಾರದು. ನಡುವೆ ಸೇತುವೆಯಾಗಿ ಶಾಲೆಯ ಇಂಗ್ಲಿಷ್ ಮೇಷ್ಟ್ರು.

ಮೂರನೇ ದಿನ ಉಯ್ಯಾಲೆ ಕಂಬದ ಗುಂಡಿ ತೋಡುವಾಗ ಒಂದೂವರೆ ಅಡಿಗೇ ಬಂಡೆ ಸಿಕ್ಕಿತು. ಅಂಗೈ ತುಂಬ ಬೊಬ್ಬೆ ಎದ್ದ ಹುಡುಗರು ಹಾರೆ ಕೆಳಗಿಟ್ಟು, ಸಾಕಲ್ಲವೇ ಎಂಬಂತೆ ನೋಡಿದರು.

"ಸಾಲದು. ಮೂರಡಿ ಬೇಕೇ ಬೇಕು. ಬಂಡೆ ಒಡೀಬೇಕು ಅಂತ ಹೇಳಿ, ಮೇಷ್ಟ್ರೇ."

ಮೇಷ್ಟ್ರು ಹೇಳಿದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

"ಬಂಡೆ ಒಡೀರಿ ಅಂದ್ರೆ ಯಾರಾದ್ರೂ ಚಪ್ಪಾಳೆ ತಟ್ತಾರೇನ್ರೀ? ಏನು ಹೇಳಿದ್ರಿ ನೀವು?"

"ಚೆನ್ನಾಗಿ ಅಗೆದಿದೀರಿ ಅಂದೆ. ಪಾಪ, ಅಷ್ಟು ದೂರದಿಂದ ಬಂದಿದಾರೆ, ಮನಸ್ಸು ನೋಯಿಸೋದು ಬೇಡ."

ಮರುದಿನ ಅವಳು ಜಲ್ಲಿ ತರಲು ಹೋಗಿ ಬರುವಷ್ಟರಲ್ಲಿ ಕಾಂಕ್ರೀಟು ಸುರಿದು, ನಾಲ್ಕೂ ಕಂಬ ನಿಲ್ಲಿಸಿಯಾಗಿತ್ತು. ಕಂಬಗಳೇನೋ ನೆಟ್ಟಗಿದ್ದವು. "ಒಂಬತ್ತನೇ ದಿನ ಉದ್ಘಾಟನೆ, ಫೋಟೊ. ಅವರು ಹೋದ್ಮೇಲೆ ನಾವೇ ಸರಿ ಮಾಡೋಣ, ಅಲ್ಲಿವರೆಗೆ ಸುಮ್ಮನಿರಿ" ಎಂದರು ಮೇಷ್ಟ್ರು.

ಸುಮ್ಮನಿರುವುದೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು ಅವಳಿಗೆ. ಊಟಕ್ಕೆ ಕೂತವಳು ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದಳು. ಹಾಲು ಉಕ್ಕಿಸಿದಳು. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಗಂಡ ಮೆಷಿನ್ ನಿಲ್ಲಿಸಿ ಕೇಳಿದ, "ಏನೇ ಅದು, ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಾ ಇದೀಯ?"

ಹೇಳಿದಳು.

"ಅಳತೆ ತಪ್ಪಿದ್ರೆ ಹೊಲಿಯೋಕೆ ಮುಂಚೆ ಹೇಳಬೇಕು."

"ಹೊಲಿದಾಗಿದೆಯಲ್ಲ!"

"ಹಾಗಾದ್ರೆ ಬಿಚ್ಚು."

ಏಳನೇ ದಿನ ಸರಪಳಿ ಕಟ್ಟಿ ಉಯ್ಯಾಲೆ ತೂಗುಹಾಕಿದರು. ಶಾಲೆಯ ಮಕ್ಕಳು ನುಗ್ಗಿದವು, ಮೊದಲಿಗಳು ಅವಳ ಮೊಮ್ಮಗಳೇ. ಮೇಸ್ತ್ರಮ್ಮ ಎಲ್ಲರನ್ನೂ ಅತ್ತ ಗದರಿಸಿ, ಸೀರೆ ಸೊಂಟಕ್ಕೆ ಸಿಕ್ಕಿಸಿ ತಾನೇ ಕೂತಳು. ಹುಡುಗರು ನಗುತ್ತಾ ಫೋನು ಹಿಡಿದರು. ಮೂರು ಜೀಕು ಜೀಕಿದಳು. ನಾಲ್ಕನೆಯದಕ್ಕೆ ಹಿಂದಿನ ಕಂಬದ ಬುಡದಲ್ಲಿ ನೆಲ ಬಾಯಿ ಬಿಟ್ಟಿತು. ಕಾಂಕ್ರೀಟಿನ ಗಡ್ಡೆ ಕೊಳೆತ ಹಲ್ಲಿನಂತೆ ಮೇಲೆದ್ದಿತು. ನಗು ನಿಂತಿತು.

ಇವಳು ಜುಟ್ಟು ಎಂದು ಹೆಸರಿಟ್ಟಿದ್ದ, ನೆತ್ತಿಯ ಮೇಲೆ ಗಂಟು ಕಟ್ಟುವ ಹುಡುಗಿ ಮಂಡಿಯೂರಿ ಬಿರುಕಿನಲ್ಲಿ ಕೈ ಇಟ್ಟಳು. ಏನೋ ಕೇಳಿದಳು. ಮೇಷ್ಟ್ರು ಬೆವರು ಒರೆಸಿಕೊಂಡರು.

"ಏನಂತೆ?"

"ಮೊದಲೇ ಯಾಕೆ ಹೇಳಲಿಲ್ಲ ಅಂತ..."

"ಹೇಳಿದ್ದೆ, ಮೇಷ್ಟ್ರು ನುಂಗಿಬಿಟ್ಟರು ಅನ್ನಿ. ಇದನ್ನೂ ನುಂಗಬೇಡಿ."

ಮೇಷ್ಟ್ರ ಮುಖ ಕೆಂಪೇರಿತು, ಆದರೂ ಹೇಳಿದರು. ಹುಡುಗರಲ್ಲೇ ಜಟಾಪಟಿ ಹತ್ತಿತು. ಇಬ್ಬರು ಸಿಟ್ಟಾಗಿ ತಾವು ಬಂದ ಬಸ್ಸಿನೊಳಗೆ ಹೋಗಿ ಕೂತರು. ಜುಟ್ಟು ಕಣ್ಣೊರೆಸಿಕೊಂಡು ಹಾರೆ ಎತ್ತಿಕೊಂಡಳು.

ಮರುದಿನವೆಲ್ಲ ಬಂಡೆಯ ಜೊತೆ ಗುದ್ದಾಟ. ಪ್ರತಿ ಏಟಿಗೂ ಉಳಿ ಚೂರು ತಿರುಗಿಸಬೇಕೆಂದು ಮೇಸ್ತ್ರಮ್ಮ ಅವರ ಕೈ ಹಿಡಿದೇ ಕಲಿಸಿದಳು. ಅದಕ್ಕೆ ಮೇಷ್ಟ್ರು ಬೇಕಾಗಲಿಲ್ಲ. ಬಸ್ಸಿನವರಿಬ್ಬರೂ ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದರು. ಒಂಬತ್ತನೇ ದಿನ ಉದ್ಘಾಟನೆಗೆ ಬಂದ ಗಣ್ಯರು ನಾಲ್ಕು ಗುಂಡಿ ನೋಡಿ, ಚಹಾ ಕುಡಿದು ಹೋದರು. ಸಂಜೆಗೆ ಕಂಬ ಮತ್ತೆ ನಿಂತವು, ಮೂರಡಿಯ ಆಳದಲ್ಲಿ.

ಹತ್ತನೇ ದಿನ ಬೆಳಿಗ್ಗೆ ಬಸ್ಸು ಹೊರಟಿತು. ಒಂದು ಮಗುವೂ ಜೀಕಿದ್ದನ್ನು ಅವರು ಕಾಣಲಿಲ್ಲ. ಯಾವಾಗ ಎಂದು ಜುಟ್ಟು ಸನ್ನೆಯಲ್ಲೇ ಕೇಳಿದ್ದಕ್ಕೆ ಮೇಸ್ತ್ರಮ್ಮ ಮೂರು ಬೆರಳೆತ್ತಿದಳು. ಕಾಂಕ್ರೀಟು ಗಟ್ಟಿಯಾಗಲು ಮೂರು ವಾರ ಎಂದು ಮೇಷ್ಟ್ರು ಬಿಡಿಸಿ ಹೇಳಿದಾಗ ಹುಡುಗಿ ಅಳುತ್ತಲೇ ನಕ್ಕಳು.

ಮೇಸ್ತ್ರಮ್ಮ ದಿನಕ್ಕೆರಡು ಸಲ ಬಂದು ಬುಡಕ್ಕೆ ಸುತ್ತಿದ ಗೋಣಿತಾಟಿಗೆ ನೀರು ಹೊಯ್ದಳು. ಸರಪಳಿ ಬಿಚ್ಚಿ ಮನೆಗೆ ಒಯ್ದಿದ್ದಕ್ಕೆ ಮೊಮ್ಮಗಳು ವಾರವಿಡೀ ಅಜ್ಜಿಯ ಜೊತೆ ಠೂ ಬಿಟ್ಟಳು. ಕಂಬ ನಿಲ್ಲಿಸಿದ ಇಪ್ಪತ್ತೆರಡನೇ ದಿನ ಸರಪಳಿ ಮತ್ತೆ ಏರಿತು. ಮಕ್ಕಳ ಕಿರುಚಾಟಕ್ಕೆ ಬೀದಿಯೇ ಹೊರಬಂತು. ಮೇಷ್ಟ್ರು ವಿಡಿಯೊ ತೆಗೆದು ಜುಟ್ಟಿಗೆ ಕಳಿಸಿದರು. ಅದರಲ್ಲಿ ಮೇಸ್ತ್ರಮ್ಮ ಕಾಣುವುದಿಲ್ಲ. ಅವಳಾಗಲೇ ಜಾರುಬಂಡೆಯ ಹಿಂದೆ ಹೋಗಿ ಮೆಟ್ಟಿಲು ಅಲ್ಲಾಡಿಸಿ ನೋಡುತ್ತಿದ್ದಳು, "ಒಬ್ಬೊಬ್ಬರೇ ಹತ್ತ್ರೋ!" ಎಂಬ ಗದರಿಕೆಯಷ್ಟೇ ಕೇಳುತ್ತದೆ.